ನಡ ಹಿಡದದ ಅಂದ್ರ ಏನ್ ಹಿಡದದ?

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಒಂದು ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ ರೆಡ್ಡಿ ಈ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅದರ ಮೇಲಿದೆ. ಶಾಸನ ಓದಲು ತೆಲುಗು ಬೇಕು. ಅಲ್ಲೇ ಗೋಡೆಯಲ್ಲಿ ಕೊರೆದಿರುವ ಚಿತ್ರಕ್ಕೆ ಯಾವ ಭಾಷೆಯೂ ಬೇಡ. ಗಾಲಿಬಂಡಿಯ ಮೇಲೆ ಇದೇ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಅವನ್ನು ಹುರಿದುಂಬಿಸುವ ಜನ, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ರಾಜರ ಹೆಸರು ಕೊರೆಸಿದವರು ಹೊತ್ತವರ ಚಿತ್ರವನ್ನೂ ಕೊರೆಸಿದ್ದು ನಮ್ಮ ಕಡೆ ಅಪರೂಪ. ಊರಿನ ದುಡಿಯುವ ಮೈಯ ಚಿತ್ರ ನನಗೆ ತಿಳಿದಂತೆ ಇದಕ್ಕಿಂತ ಹಳೆಯದು ಇಲ್ಲಿ ಇನ್ನೊಂದಿಲ್ಲ.

ಏಳು ಶತಮಾನ ಕಳೆದರೂ ಕಲ್ಲೆಳೆಯುವುದು ನಿಂತಿಲ್ಲ. ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ರಾಜೇಂದ್ರ ಗಂಜ್ ಮಾರುಕಟ್ಟೆಯ ಅಂಗಳದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಬಂಡೆ ಎಳೆಯುತ್ತವೆ. ಜನರ ಕಣ್ಣು ಕಲ್ಲು ಎಷ್ಟು ಸರಿಯಿತು ಎಂಬುದರ ಮೇಲೆ. ಎತ್ತಿನ ಮಾಲೀಕನ ಕಣ್ಣು ಮಾತ್ರ ಅದರ ಹಿಂಗಾಲಿನ ಮೇಲೆ. ತೊಡೆ ಉಬ್ಬಿತೇ, ಗೊರಸು ನೆಲ ಕಚ್ಚಿತೇ, ಹಿಮ್ಮಡಿಯ ಮೇಲಿನ ಹುರಿ ಬಿಗಿಯಿತೇ? ಮೈಯ ಬಲ ಮಾಂಸದಲ್ಲಷ್ಟೇ ಅಲ್ಲ, ಮಾಂಸವನ್ನು ಎಲುಬಿಗೆ ಕಟ್ಟಿದ ಹುರಿಯಲ್ಲಿದೆ ಎಂಬುದು ಅವನಿಗೆ ಪುಸ್ತಕ ಓದದೆ ಗೊತ್ತು.

ಎತ್ತಿನ ಮೈಯನ್ನು ಇಷ್ಟು ಓದಬಲ್ಲ ಊರು ತನ್ನ ಮೈಯ ವಿಷಯಕ್ಕೆ ಬಂದರೆ ಎರಡೇ ಮಾತು ಹೇಳುತ್ತದೆ. ಒಂದು, 'ನಡ ಹಿಡದದ'. ಎರಡು, 'ವಯಸ್ಸಾತು'. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಮೂವತ್ತೈದಕ್ಕೆ ನಡ ಬಾಗಿದವಳಿಗೆ ವಯಸ್ಸಾಯಿತು ಎನ್ನುವುದು ಲೆಕ್ಕ ತಪ್ಪಿಸುವ ಮಾತು. ಮೊದಲನೆಯದರಲ್ಲಿ ಸತ್ಯವಿದೆ. ಆದರೆ ಹಿಡಿದದ್ದು ಏನು?

ಕೇಳಿದರೆ 'ನರ' ಅನ್ನುತ್ತಾರೆ. ನಮ್ಮಲ್ಲಿ ನರ ಎಂದರೆ ರಕ್ತನಾಳವೂ ಹೌದು, ಮಿದುಳಿನ ಸುದ್ದಿ ಒಯ್ಯುವ ತಂತುವೂ ಹೌದು, ಹಿಮ್ಮಡಿಯ ಹುರಿಯೂ ಹೌದು. ಶಾಲೆಯ ಪುಸ್ತಕದ್ದು ಇನ್ನೊಂದು ತಮಾಷೆ. ಅಲ್ಲಿ 'ಸ್ನಾಯು' ಎಂದರೆ ಮಾಂಸಖಂಡ. ಆಯುರ್ವೇದದಲ್ಲಿ ಮಾಂಸಖಂಡಕ್ಕೆ ಪೇಶಿ ಎಂದು ಹೆಸರು, ಸ್ನಾಯು ಎಂದರೆ ಕಟ್ಟುವ ಹುರಿ. ಸುಶ್ರುತ ಪೇಶಿಗಳನ್ನು 500 ಎಂದು, ಸ್ನಾಯುಗಳನ್ನು 900 ಎಂದು ಎಣಿಸಿದ. ಇಂದಿನ ಅಂಗರಚನಾ ಶಾಸ್ತ್ರದ ಎಣಿಕೆ ಬೇರೆ. ಆದರೆ ಮಾಂಸಕ್ಕಿಂತ ಕಟ್ಟುಗಳೇ ಹೆಚ್ಚು ಎಂದು ಅವನಿಗೆ ಅನ್ನಿಸಿದ್ದು ಗಮನಿಸಬೇಕಾದ ಮಾತು. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿ ಹೇಗೆ ಭಾರ ಹೊರುತ್ತದೋ ಸ್ನಾಯು ಬಿಗಿದ ಮೈಯೂ ಹಾಗೆ ಎಂಬ ಹೋಲಿಕೆಯನ್ನೂ ಅವನು ಕೊಟ್ಟ. ಕೃಷ್ಣೆ, ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿದಿರ ಸೀಳುಗಳನ್ನು ಹೆಣೆದು ಕಟ್ಟಿದ ಆ ಬುಟ್ಟಿ ಸುಳಿಯಲ್ಲಿ ತಿರುಗುತ್ತಾ ಮೈ ಬಳುಕಿಸುತ್ತದೆ, ಮುರಿಯುವುದಿಲ್ಲ. ಎಲ್ಲಾದರೂ ಒಂದು ಕಟ್ಟು ಸಡಿಲಾದರೆ ಇಡೀ ಹರಿಗೋಲಿನ ಆಕಾರವೇ ಸೊಟ್ಟಗಾಗುತ್ತದೆ.

ಮೈಯಲ್ಲಿ ಆರು ನೂರಕ್ಕೂ ಹೆಚ್ಚು ಮಾಂಸಖಂಡಗಳಿವೆ. ಅವಕ್ಕೆ ಬರುವುದು ಎಳೆಯುವುದೊಂದೇ, ನೂಕಲು ಬರುವುದಿಲ್ಲ. ಹೀಗಾಗಿ ಒಂದು ಎಳೆದದ್ದನ್ನು ತಿರುಗಿ ಎಳೆಯಲು ಎದುರಿಗೆ ಇನ್ನೊಂದು ಬೇಕು. ಮಾಂಸವನ್ನು ಎಲುಬಿಗೆ ಸೇರಿಸುವುದು ಸ್ನಾಯುರಜ್ಜು, ಎಲುಬನ್ನು ಎಲುಬಿಗೆ ಬಿಗಿಯುವುದು ಅಸ್ಥಿರಜ್ಜು, ಇವೆಲ್ಲವನ್ನೂ ಹೊದಿಸಿ ಒಂದಕ್ಕೊಂದು ಹೊಲಿದಂತೆ ಹಬ್ಬಿರುವ ಬಿಳಿಯ ಪೊರೆ ಮತ್ತೊಂದು. ಕುರಿ ಕೊಯ್ಯುವಾಗ ಚರ್ಮದ ಕೆಳಗೆ ಹೊಳೆಯುವ ಪೊರೆ ನೋಡಿದ್ದೀರಲ್ಲ, ಅದೇ. ಮೂರಕ್ಕೂ ಮುಖ್ಯ ಸರಕು ಕೊಲ್ಯಾಜನ್ ಎಂಬ ಪ್ರೋಟೀನು. ಅದನ್ನು ಕಾಣಬೇಕಾದರೆ ಪ್ರಯೋಗಾಲಯ ಬೇಡ. ರಾತ್ರಿಯಿಡೀ ಕುದಿಸಿದ ಕುರಿಕಾಲಿನ ಪಾಯ ತಣ್ಣಗಾದ ಮೇಲೆ ಪಾತ್ರೆಯಲ್ಲಿ ಹೆಪ್ಪುಗಟ್ಟಿ ಅಲುಗಾಡುತ್ತದಲ್ಲ, ಅದು ಕಾಲಿನ ಹುರಿಗಳಿಂದ ಬಿಟ್ಟುಕೊಂಡ ಕೊಲ್ಯಾಜನ್. (ಎಲುಬು ಮುರಿದವರಿಗೆ ಕಾಲುಸೂಪು ಕುಡಿಸುವವರು ಬೇಜಾರು ಮಾಡಿಕೊಳ್ಳಬಾರದು: ಕುಡಿದ ಪಾಯ ನೇರವಾಗಿ ಮೊಣಕಾಲಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆ ಅದನ್ನು ಬಿಡಿಬಿಡಿ ಮಾಡಿ ಬೇಕಾದಲ್ಲಿಗೆ ಕಳಿಸುತ್ತದೆ. ರುಚಿಗೆ ಕುಡಿಯಲು ಅಡ್ಡಿಯಿಲ್ಲ.) ಮಾಂಸ ಕೆಂಪಗಿದೆ, ರಕ್ತ ಹೇರಳ, ಪೆಟ್ಟಾದರೆ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಹುರಿ ಬಿಳಿಚು, ರಕ್ತ ಕಮ್ಮಿ, ಸುಧಾರಿಸಲು ತಿಂಗಳುಗಳು ಬೇಕು. ನಮ್ಮ ಕೂಲಿಯ ಲೆಕ್ಕಕ್ಕೂ ಹುರಿಯ ಲೆಕ್ಕಕ್ಕೂ ತಾಳೆಯಾಗದಿರುವುದು ಇಲ್ಲೇ. ನೋವು ತುಸು ಇಳಿದ ಮೂರನೆಯ ದಿನವೇ ಕೂಲಿಗೆ ಹೋಗಬೇಕಾಗುತ್ತದೆ.

ಈಗ ಮಾನ್ವಿಯ ಗದ್ದೆಗೆ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಜೋಳವನ್ನು ಕೂರಿಗೆಯಿಂದ ಬಿತ್ತುತ್ತಾರೆ, ಕೂರಿಗೆಯ ಹಿಂದೆ ನೆಟ್ಟಗೆ ನಡೆಯುತ್ತಾರೆ. ಭತ್ತದ ಸಸಿಯನ್ನು ಕೈಯಿಂದ ಹಚ್ಚಬೇಕು, ಬಾಗಬೇಕು. ಕಾಲುವೆ ಬೆಳೆಯನ್ನಷ್ಟೇ ಬದಲಿಸಲಿಲ್ಲ, ಹೆಂಗಸರ ಬೆನ್ನಿನ ಗೆರೆಯನ್ನೂ ಬದಲಿಸಿತು. ನಾಟಿ ಹಚ್ಚುವ ಗುಂಪು ಕೆಸರಿನಲ್ಲಿ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಕೆಸರಿನಲ್ಲಿ, ಮೊಣಕಾಲು ಹೆಚ್ಚುಕಡಿಮೆ ನೆಟ್ಟಗೆ, ನಡ ಪೂರ್ತಿ ಮಡಚಿ.

ಆ ಹೊತ್ತಿನಲ್ಲಿ ಬೆನ್ನಿನೊಳಗೆ ನಡೆಯುವುದು ವಿಚಿತ್ರ. ಬಾಗಲು ಶುರು ಮಾಡಿದಾಗ ಬೆನ್ನಿನ ಮಾಂಸಖಂಡಗಳು ಮೈ ಮುಗ್ಗರಿಸದಂತೆ ಹಿಡಿದಿರುತ್ತವೆ. ಪೂರ್ತಿ ಬಾಗಿದ ಮೇಲೆ ಅವು ಕೆಲಸ ನಿಲ್ಲಿಸಿಬಿಡುತ್ತವೆ! 1950ರ ದಶಕದಲ್ಲಿ ಬ್ರಿಟನ್ನಿನ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನಿಗೆ ತಂತಿ ಅಂಟಿಸಿ ಮಾಂಸಖಂಡಗಳ ವಿದ್ಯುತ್ ಸಂಕೇತ ಅಳೆದಾಗ, ಪೂರ್ತಿ ಬಾಗಿದ ಗಳಿಗೆಯಲ್ಲಿ ಸಂಕೇತವೇ ಇಲ್ಲವಾಗಿದ್ದು ಕಂಡರು. ಹಾಗಾದರೆ ಭಾರ ಹೊತ್ತವರು ಯಾರು? ಬೆನ್ನೆಲುಬುಗಳ ಹಿಂದಿನ ರಜ್ಜುಗಳು, ನಡದ ಪೊರೆ, ಎಲುಬುಗಳ ನಡುವಿನ ಬಿಲ್ಲೆಗಳ ಹಿಂಬದಿ. ಮಾಂಸಕ್ಕೆ ದಣಿವಾದರೆ ಉರಿಯುತ್ತದೆ, 'ಸಾಕು' ಎನ್ನುತ್ತದೆ. ರಜ್ಜುಗಳು ಸದ್ದಿಲ್ಲದೆ ಹಿಗ್ಗುತ್ತವೆ.

ಹಳೆಯ ಹೊರಸನ್ನು ನೆನೆಯಿರಿ. ಮಲಗಿದ ಕೂಡಲೇ ಹಗ್ಗ ಜೋತು ಬೀಳುವುದಿಲ್ಲ. ರಾತ್ರಿ ಕಳೆಯುತ್ತಾ ಒಂದೊಂದು ಬೆರಳು ಕೆಳಗಿಳಿಯುತ್ತದೆ, ಬೆಳಿಗ್ಗೆ ಎದ್ದ ಮೇಲೂ ತುಸು ಹೊತ್ತು ಹಾಗೇ ಇರುತ್ತದೆ. ರಜ್ಜುಗಳ ಸ್ವಭಾವವೂ ಅದೇ. ಗಂಟೆಗಟ್ಟಲೆ ಬಾಗಿದ ಮೇಲೆ ಅವು ಮೊದಲಿನ ಅಳತೆಗೆ ಬರಲು ನಿಮಿಷಗಳಲ್ಲ, ಗಂಟೆಗಳೇ ಹಿಡಿಯುತ್ತವೆ. ಅಷ್ಟರವರೆಗೆ ಬೆನ್ನಿನ ಕೀಲುಗಳು ಸಡಿಲ. ಆ ಸಡಿಲ ಬೆನ್ನಿನಲ್ಲೇ ಸಸಿಯ ಹೊರೆ ಎತ್ತಿದರೆ, ಟ್ರ್ಯಾಕ್ಟರ್ ಟ್ರೇಲರಿನಿಂದ ಜಿಗಿದರೆ, ಮನೆಗೆ ಬಂದವಳೇ ಕೊಡ ಎತ್ತಿದರೆ ಮಾಂಸಖಂಡ ಗಾಬರಿಯಾಗಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೀಲು ಜಾರದಂತೆ ಕಾವಲಿಗೆ ನಿಂತ ಹಿಡಿತ ಅದು. 'ನಡ ಹಿಡದದ' ಎಂಬ ನಮ್ಮ ಮಾತು ಎಷ್ಟು ಕರಾರುವಾಕ್ಕು ನೋಡಿ. ಹಿಡಿದದ್ದು ನೋವಲ್ಲ, ಮೈಯೇ ತನ್ನನ್ನು ತಾನು ಹಿಡಿದುಕೊಂಡದ್ದು.

ಸಾಲು ಮುಗಿದು ಬದುವಿಗೆ ಬಂದಾಗ ಹೆಂಗಸರು ಎರಡೂ ಕೈ ಟೊಂಕಕ್ಕೆ ಕೊಟ್ಟು ಹಿಂದಕ್ಕೆ ವಾಲಿ 'ಯವ್ವಾ' ಎನ್ನುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಔಷಧಿ ಯಾವ ಫಿಸಿಯೋಥೆರಪಿಸ್ಟನ ಬಳಿಯೂ ಇಲ್ಲ. ಹೊಲದ ಯಜಮಾನ ಅದನ್ನು ಮೈಗಳ್ಳತನ ಎಂದುಕೊಳ್ಳಬಾರದು. ಭಾರ ಎತ್ತುವ ಮುಂಚೆ ಎರಡು ನಿಮಿಷ ಹೀಗೆ ನಿಂತರೂ ಲಾಭವಿದೆ.

ಇನ್ನೊಂದು ಸಂಗತಿ ಬೆಳಗಿನದು. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವೆಲ್ಲ ಒಂದೆರಡು ಸೆಂಟಿಮೀಟರ್ ಎತ್ತರವಿರುತ್ತೇವೆ. ಉಬ್ಬಿದ ಬಿಲ್ಲೆ ಬಾಗುವುದನ್ನು ಸಹಿಸುವುದು ಕಮ್ಮಿ. ಎದ್ದ ಮೊದಲ ಗಂಟೆಗಳಲ್ಲಿ ಬಾಗುವುದನ್ನು ತಪ್ಪಿಸಿದವರಿಗೆ ಹಳೆಯ ನಡನೋವು ಇಳಿಯಿತೆಂದು ಅಮೆರಿಕದ ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ಬರೆದರು. ನಮ್ಮ ಹೆಂಗಸರು ಆ ಗಂಟೆಗಳಲ್ಲಿ ಮಾಡುವುದೇನು? ಗೇಣುದ್ದದ ಕಸಬರಿಗೆ ಹಿಡಿದು ಅಂಗಳ ಗುಡಿಸುವುದು, ನೀರು ಹೊಡೆಯುವುದು, ರಂಗೋಲಿ ಹಾಕುವುದು. ಎಲ್ಲವೂ ಬಾಗಿಯೇ. ಕಸಬರಿಗೆಗೆ ಮೂರು ಅಡಿಯ ಕೋಲು ಕಟ್ಟುವುದಕ್ಕೆ ಖರ್ಚೇನಿಲ್ಲ. ಆದರೆ ನಿಂತು ಗುಡಿಸುವ ಸೊಸೆಯನ್ನು ನೋಡಿದರೆ ನಮ್ಮ ಮನೆಗಳಲ್ಲಿ ಈಗಲೂ ಹುಬ್ಬು ಏರುತ್ತದೆ.

ಹಿಡಿಕೆಯ ಉದ್ದ ಸಣ್ಣ ವಿಷಯ ಅನ್ನಿಸಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೂಲಿಗಳಿಗೆ ಗಿಡ್ಡ ಹಿಡಿಕೆಯ ಗುದ್ದಲಿಯನ್ನೇ ಕೊಡುತ್ತಿದ್ದರು. ಯಾರು ಬಾಗಿದ್ದಾರೆ, ಯಾರು ನೆಟ್ಟಗೆ ನಿಂತು ಸುಧಾರಿಸಿಕೊಳ್ಳುತ್ತಿದ್ದಾರೆ ಎಂಬುದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು! ಕೂಲಿಗಳು ಕೋರ್ಟಿಗೆ ಹೋದರು, ವೈದ್ಯರು ಹಾಳಾದ ಬೆನ್ನುಗಳ ಸಾಕ್ಷಿ ಹೇಳಿದರು, 1975ರಲ್ಲಿ ಆ ಗುದ್ದಲಿ ಅಲ್ಲಿ ನಿಷೇಧವಾಯಿತು. ಬೆಳೆಗೆ ಏನೂ ಆಗಲಿಲ್ಲ. ನಮ್ಮ ಹತ್ತಿ ಹೊಲದ ಖುರ್ಪಿ ಇನ್ನೂ ಗೇಣುದ್ದವೇ ಇದೆ.

2008ರಲ್ಲಿ ಹುಟ್ಟಿದ ರಾಯಚೂರು ಕೃಷಿ ವಿಶ್ವವಿದ್ಯಾಲಯ ನೇರ ಕೂರಿಗೆ ಬಿತ್ತನೆಯ ಭತ್ತವನ್ನು ಈ ಭಾಗದ ರೈತರಿಗೆ ಹೇಳಿಕೊಡುತ್ತಾ ಬಂದಿದೆ. ಕಾಲುವೆಯ ಕೊನೆಯ ಭಾಗದಲ್ಲಿ ನೀರು ಉಳಿಸುವುದು ಅದರ ಮುಖ್ಯ ಗುರಿ. ಬೆನ್ನೂ ಉಳಿಯುತ್ತದೆ, ನಾಟಿಯೇ ಇಲ್ಲವಲ್ಲ. ಆದರೆ ನಾಟಿಯ ಕೂಲಿಯೂ ಇಲ್ಲ. ನೋವು ಮತ್ತು ಅನ್ನ ಒಂದೇ ಕೆಲಸದಲ್ಲಿ ಹೆಣೆದುಕೊಂಡಿರುವಾಗ ಯಂತ್ರ ಎರಡನ್ನೂ ಒಟ್ಟಿಗೇ ಒಯ್ಯುತ್ತದೆ. 'ಬಾಗಬೇಡಿ' ಎಂದು ಚೀಟಿಯಲ್ಲಿ ಬರೆದುಕೊಡುವ ಡಾಕ್ಟರು ಬಾಗದಿದ್ದ ದಿನದ ಕೂಲಿ ಯಾರು ಕೊಡುತ್ತಾರೆಂದು ಬರೆಯುವುದಿಲ್ಲ.

ರಾಜೇಂದ್ರ ಗಂಜಿಗೆ ವಾಪಸ್ಸಾಗೋಣ. ನಮ್ಮ ಭಾಗದಲ್ಲಿ ಭತ್ತದ ಧಾರಣೆ ಹೇಳುವುದೇ 75 ಕೆಜಿಯ ಚೀಲದ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದೆಂದು ಶಿಫಾರಸು ಮಾಡಿತು. 20 ಕೆಜಿಯ ಈ ಅಂತರ ಹಮಾಲಿಯ ಬೆನ್ನ ಮೇಲಿದೆ.

ಹಮಾಲಿಗಳ ಜಾಣತನವನ್ನು ಮಾತ್ರ ಮೆಚ್ಚಲೇಬೇಕು. ಚೀಲವನ್ನು ಅವರು ಎಂದೂ ಎದೆಯ ಮುಂದೆ ಹಿಡಿಯುವುದಿಲ್ಲ. ಇಬ್ಬರು ಎತ್ತಿಕೊಡುತ್ತಾರೆ, ಹೊರುವವನು ಅದರ ಕೆಳಗೆ ನುಸುಳಿ ಕತ್ತು-ಹೆಗಲಿನ ಮೇಲೆ ಕೂರಿಸಿಕೊಳ್ಳುತ್ತಾನೆ. ಭಾರ ನೇರ ಕಾಲಿನ ಮೇಲೆ ಇಳಿಯುತ್ತದೆ. ಇದರ ಬೆಲೆ ನನಗೆ ತಿಳಿದದ್ದು ಮನೆಯ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ನಾಲ್ಕು ದಿನ ಗೋಡೆ ಹಿಡಿದು ನಡೆದಾಗ. ತುಂಬಿದ ಸಿಲಿಂಡರು ಸುಮಾರು 30 ಕೆಜಿ. ಅದನ್ನು ಬೆನ್ನೆಲುಬಿನಿಂದ 40 ಸೆಂಟಿಮೀಟರ್ ಮುಂದೆ ಹಿಡಿದೆ ಅನ್ನಿ. ಅದನ್ನು ಸರಿತೂಗಬೇಕಾದ ಬೆನ್ನಿನ ಮಾಂಸಖಂಡ ಇರುವುದು ಎಲುಬಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ. ಎಂಟು ಪಟ್ಟು ಅಂತರ, ಎಂಟು ಪಟ್ಟು ಎಳೆತ: 240 ಕೆಜಿ. ನನ್ನ ಮೈಭಾರ ಇನ್ನೂ ಸೇರಿಸಿಲ್ಲ. ಎದೆಯ ಮುಂದೆ ಹಿಡಿದ ಸಿಲಿಂಡರು ಹೆಗಲ ಮೇಲಿನ ಚೀಲಕ್ಕಿಂತ ಕೆಟ್ಟದ್ದು.

ಹೊರುವ ಮುಂಚೆ ಅವರು ನಡಕ್ಕೆ ಟವೆಲ್ಲು ಬಿಗಿಯುತ್ತಾರೆ. 'ಟೊಂಕ ಕಟ್ಟಿ ನಿಲ್ಲುವುದು' ಎಂಬ ನುಡಿಗಟ್ಟು ಬಂದದ್ದು ಸುಮ್ಮನೆ ಅಲ್ಲ. ಬಿಗಿದ ಬಟ್ಟೆಗೆ ಹೊಟ್ಟೆ ಒತ್ತಿಕೊಂಡಾಗ ಒಳಗಿನ ಒತ್ತಡ ಏರಿ ಬೆನ್ನಿಗೆ ಮುಂದಿನಿಂದ ಒಂದು ಆಸರೆ ಸಿಗುತ್ತದೆ. ತಲೆಯ ಮೇಲೆ ಸಿಂಬಿಯಿಟ್ಟು ಕೊಡ ಹೊರುವ ಹೆಂಗಸರ ನಡಿಗೆಯಲ್ಲೂ ಇಂಥದ್ದೇ ವಿದ್ಯೆಯಿದೆ. ಕೀನ್ಯಾದಲ್ಲಿ ತಲೆಹೊರೆ ಹೊರುವ ಹೆಂಗಸರನ್ನು ಪರೀಕ್ಷಿಸಿದ ವಿಜ್ಞಾನಿಗಳು, ಮೈತೂಕದ ಐದನೆಯ ಒಂದು ಪಾಲಿನವರೆಗಿನ ಹೊರೆಗೆ ಅವರ ಮೈ ಹೆಚ್ಚಿನ ಶಕ್ತಿಯನ್ನೇ ಖರ್ಚು ಮಾಡುವುದಿಲ್ಲವೆಂದು 1986ರಲ್ಲಿ ಬರೆದು ಬೆರಗು ಹುಟ್ಟಿಸಿದರು. ನಮ್ಮಲ್ಲಿ ಯಾರಾದರೂ ಅಳೆದಿದ್ದರೆ ಏನು ಸಿಗುತ್ತಿತ್ತೋ! ಒಂದು ಮಾತು: 50 ಕೆಜಿ ತೂಕದವಳಿಗೆ ಐದನೆಯ ಒಂದು ಪಾಲು ಎಂದರೆ 10 ಕೆಜಿ. ತುಂಬಿದ ಕೊಡ ಅದಕ್ಕಿಂತ ಭಾರ.

ಬಾಗುವುದು, ಕೂರುವುದು ಎಲುಬಿನ ಮೇಲೆಯೇ ಗುರುತು ಬಿಡುತ್ತವೆ. ಲಾಹೋರಿನಲ್ಲಿದ್ದ ವೈದ್ಯ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲೇ, ಪಂಜಾಬಿಗಳ ಕಣಕಾಲಿನ ಎಲುಬಿನಲ್ಲಿ ಕುಕ್ಕರುಗಾಲಲ್ಲಿ ಕೂತೂ ಕೂತೂ ಆದ ನುಣುಪಾದ ಗುರುತುಗಳನ್ನು ತೋರಿಸಿದ. ಕುಕ್ಕರುಗಾಲು ಬಡತನದ ಕೂರುವಿಕೆಯೆಂದು ಬಿಟ್ಟುಬಿಟ್ಟ ರಾಯಚೂರು ನಗರದ ನಾವು ಈಗ ಐವತ್ತಕ್ಕೆ ನೆಲದಿಂದ ಏಳಲು ಮಂಚದ ಕಾಲು ಹುಡುಕುತ್ತೇವೆ. ತಾಲೀಮಿನ ಬೈಠಕ್, ಐದು ಹೊತ್ತಿನ ನಮಾಜು, ನೆಲದ ಮೇಲಿನ ಪಂಕ್ತಿಯೂಟ ಇವೆಲ್ಲ ಕಾಲಿನ ಹುರಿಗಳನ್ನು ದಿನಾ ಪೂರ್ತಿ ಉದ್ದಕ್ಕೆ ಹಿಗ್ಗಿಸಿ ಬಿಡುತ್ತಿದ್ದವು. ಬಳಸದ ಹುರಿ ಗಿಡ್ಡಾಗುತ್ತದೆ, ಅಷ್ಟೇ ವಿಷಯ.

ಇಲ್ಲಿಯವರೆಗೆ ಹೇಳಿದ್ದು ಅತಿಯಾಗಿ ಬಾಗುವವರ ಕತೆ. ಬಾಗಲಾರದವರ ಕತೆ ಇದಕ್ಕಿಂತ ಕಠಿಣ.

ನಮ್ಮಜ್ಜಿ ದೇವದುರ್ಗದ ಕಡೆಯವಳು. ಹಿಂದಿನಿಂದ ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ, ಬಂಡಿ ತಿರುವಿದಂತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಬಿದ್ದ ಎಲೆಯಡಿಕೆಯ ಚೀಲ ಎತ್ತಿಕೊಡಲು ಮೊಮ್ಮಕ್ಕಳು ಬೇಕು. 'ಗತ್ತಿನ ಮುದುಕಿ' ಎಂದು ಓಣಿಯವರು ನಗುತ್ತಿದ್ದರು. ಅವಳ ಎಕ್ಸ್-ರೇ ಯಾರೂ ತೆಗೆಸಲಿಲ್ಲ, ಹಾಗಾಗಿ ಅವಳದು ಇಂಥದ್ದೇ ಕಾಯಿಲೆಯೆಂದು ಹೇಳಲಾರೆ. ಆದರೆ ಅಂಥ ಗತ್ತಿನ ಮುದುಕಿಯರು, ಗತ್ತಿನ ಮುದುಕರು ನಮ್ಮ ಜಿಲ್ಲೆಯ ಊರೂರಲ್ಲಿದ್ದಾರೆ, ಕೆಲವರಿಗೆ ಐವತ್ತೂ ಆಗಿರುವುದಿಲ್ಲ.

ರಾಯಚೂರು ಜಿಲ್ಲೆಯ ನೆಲದಡಿ ಕಲ್ಲುಬಂಡೆ. ಅದರ ಬಿರುಕುಗಳಲ್ಲಿ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಕೊಳವೆಬಾವಿ ಆಳಕ್ಕೆ ಹೋದಂತೆ ಆ ನೀರೇ ಮೇಲೆ ಬಂತು. ಎರಡು ನದಿಗಳ ನಡುವಿನ ಎಡೆದೊರೆ ನಾಡು ಕುಡಿಯುವ ನೀರಿಗೆ ಬಂಡೆಯ ಬಿರುಕನ್ನು ನಂಬಿದ್ದು ನಮ್ಮ ಕಾಲದ ವ್ಯಂಗ್ಯ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಹಳದಿ-ಕಂದು ಪಟ್ಟೆಯಾಗುತ್ತದೆ. ಆಮೇಲೆ ಎಲುಬು ದಪ್ಪಗಾಗುತ್ತದೆ. ಕೊನೆಗೆ ಕೆಡುವುದು ಈ ಲೇಖನದುದ್ದಕ್ಕೂ ಹೇಳಿದ ಅದೇ ಕಟ್ಟುಗಳು. ಬಳುಕಬೇಕಾದ ರಜ್ಜುಗಳಿಗೆ ಸುಣ್ಣ ಕೂತು ಅವೂ ಎಲುಬಾಗುತ್ತವೆ. ಮುಂಗೈಯ ಎರಡು ಎಲುಬುಗಳ ನಡುವಿನ ತೆಳು ಪೊರೆ ಎಕ್ಸ್-ರೇಯಲ್ಲಿ ಕಾಣಿಸಬಾರದು. ಫ್ಲೋರೋಸಿಸ್ ಎಂಬ ಈ ಕಾಯಿಲೆ ಆದವರಲ್ಲಿ ಅದು ಬೆಳ್ಳಗೆ ಮೂಡುತ್ತದೆ. ಬೆನ್ನು ಒಂದೇ ಕಂಬವಾಗುತ್ತದೆ. ಹರಿಗೋಲಿನ ಹೆಣಿಗೆಗೆ ಸಿಮೆಂಟು ಸುರಿದಂತೆ.

ಈ ಕಾಯಿಲೆಯನ್ನು ನಮ್ಮ ದೇಶದಲ್ಲಿ ಮೊದಲು ಕಂಡವರು ಡಾಕ್ಟರುಗಳಲ್ಲ. 1930ರ ದಶಕದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ರೈತರು ತಮ್ಮ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಂತದ್ದನ್ನು ನೋಡಿದರು. ಶಾರ್ಟ್ ಮತ್ತು ಸಂಗಡಿಗರು ಅದೇ ಸೀಮೆಯ ಮನುಷ್ಯರಲ್ಲಿ ಇದನ್ನು ಗುರುತಿಸಿ ಬರೆದದ್ದು 1937ರಲ್ಲಿ. ಎತ್ತಿನ ಹಿಂಗಾಲು ನೋಡುವ ಕಣ್ಣಿನ ಬಗ್ಗೆ ಮೊದಲೇ ಹೇಳಿದೆನಲ್ಲ.

1970ರ ದಶಕದ ಆರಂಭದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಲ್ಗೊಂಡ ಕಡೆಯ ಹುಡುಗರಲ್ಲಿ ಮೊಣಕಾಲು ಒಳಕ್ಕೆ ತಿರುಚಿದ್ದನ್ನು ಫ್ಲೋರೈಡಿಗೆ ಜೋಡಿಸಿದರು. ಜೋಳ ಉಣ್ಣುವವರಲ್ಲಿ ಇದು ಹೆಚ್ಚೆಂಬ ಅನುಮಾನವೂ ಆಗ ಎದ್ದಿತ್ತು. ಜೋಳದ ರೊಟ್ಟಿಯ ನಾಡಿನವನಾಗಿ ನನಗೆ ರೊಟ್ಟಿಯನ್ನು ಬೈಯಲು ಮನಸ್ಸಿಲ್ಲ. ಹಾಲು-ಮಜ್ಜಿಗೆ, ಸೊಪ್ಪು, ಎಳ್ಳು ತಟ್ಟೆಯಿಂದ ಕಾಣೆಯಾಗಿ ಸುಣ್ಣದಂಶ ಕಮ್ಮಿಯಾದಾಗ ಫ್ಲೋರೈಡಿನ ಹಾವಳಿ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ದೇವದುರ್ಗದಿಂದ ಗುಳೆ ಹೋಗುವ ಕುಟುಂಬಗಳ ತಟ್ಟೆಯಲ್ಲಿ ಕಾಣೆಯಾಗುವುದು ಮೊದಲು ಇವೇ. ಬೆಂಗಳೂರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಬೆನ್ನು ಬಾಲ್ಯದಲ್ಲಿ ಯಾವ ನೀರು ಕುಡಿದದ್ದು ಎಂದು ಮೇಸ್ತ್ರಿ ಕೇಳುವುದಿಲ್ಲ.

ಗಟ್ಟಿಯಾದ ರಜ್ಜನ್ನು ಮತ್ತೆ ಮೆತ್ತಗೆ ಮಾಡುವ ಔಷಧಿ ಇಲ್ಲ. ಉಳುಕಿದ ನಡ ಹಾಗಲ್ಲ, ಹೆಚ್ಚಿನವು ಕೆಲವೇ ವಾರಗಳಲ್ಲಿ ತಾವೇ ಸರಿಹೋಗುತ್ತವೆ. ಹಾಸಿಗೆ ಹಿಡಿಯುವುದಕ್ಕಿಂತ ಮೆಲ್ಲಗೆ ನಡೆದಾಡುವುದು ಒಳ್ಳೆಯದು. ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತೈಲ ತಿಕ್ಕುತ್ತಾ ಕೂರದೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಈ ಭಾನುವಾರ ಮನೆಯ ಹಿರಿಯರಿಂದ, ನಡುವಯಸ್ಸಿನವರಿಂದಲೂ, ಮೂರು ಕೆಲಸ ಮಾಡಿಸಿ ನೋಡಿ. ಮೊಣಕಾಲು ಮಡಚದೆ ನೆಲದ ಮೇಲಿನ ರೂಪಾಯಿ ಎತ್ತಲಿ. ಗದ್ದವನ್ನು ಎದೆಗೆ ತಾಗಿಸಲಿ. ಎರಡೂ ಕೈ ಎತ್ತಿ ಮಡಚಿ ತಲೆಯ ಹಿಂಬದಿ ಮುಟ್ಟಲಿ. ಫ್ಲೋರೋಸಿಸ್ ಗುರುತಿಸಲು ಆರೋಗ್ಯ ಕಾರ್ಯಕರ್ತರು ಮೊದಲು ಮಾಡಿಸುವುದು ಇದನ್ನೇ. ಆಗದಿದ್ದರೆ ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಗಾಬರಿ ಬೇಡ, ವೈದ್ಯರಿಗೆ ತೋರಿಸಿ. ಜೊತೆಗೆ ನೀವು ಕುಡಿಯುವ ಕೊಳವೆಬಾವಿಯ ನೀರನ್ನು ಒಂದು ಶುದ್ಧ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಗ್ರಾಮ ಪಂಚಾಯಿತಿಗೋ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೋ ಒಯ್ದು ಫ್ಲೋರೈಡ್ ಎಷ್ಟಿದೆ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಕುದಿಸಿದ್ದೇವಲ್ಲ ಎಂದು ಸುಮ್ಮನಿರಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ದಟ್ಟವಾಗುತ್ತದೆ.